ರಾತ್ರಿಯ ಬೈಸಿಕಲ್ ಪ್ರಯಾಣಕ್ಕೆ ತಕ್ಕ ಉಡುಪು



ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ, ನಾವು ಸ್ತ್ರೀವಿದ್ಯೆಯ ಮಹತ್ವವನ್ನೋ ಶಿಸ್ತಿನ ಪ್ರಯೋಜನವನ್ನೋ ಕುರಿತು ನಾಲ್ಕು ಪುಟಗಳನ್ನು ತುಂಬಿಸುವೆವೆಂದು ಅವರು ಎಣಿಸಿದ್ದಿರಬಹುದು. ಅಂತಹ ಲೇಖನಗಳನ್ನು ನಾವು ಹಿಂದೆ ಬರೆದದ್ದುಂಟು. ಅವುಗಳನ್ನು ಕೊನೆಯವರೆಗೆ ಓದಿದವರು ಎಷ್ಟು ಮಂದಿ ಎಂದು ವಿಚಾರಿಸುವ ಧೈರ್ಯ ಮಾತ್ರ ನಮಗೆ ಇದುವರೆಗೆ ಬಂದಿಲ್ಲ. ಆದಕಾರಣ ಈ ಸಲ ಒಂದು ಸಣ್ಣ ವಿಷಯವನ್ನು ಆರಿಸಿಕೊಂಡಿದ್ದೇವೆ. ಪ್ರತಿ ವರ್ಷ ಜನವರಿ ತಿಂಗಳಿನ ಬೆಳ್ದಿಂಗಳಿನಲ್ಲಿ ನಮ್ಮ ಮೇಲಿನ ತರಗತಿಗಳ ಹುಡುಗಿಯರೂ ಹಳೆಯ ವಿದ್ಯಾರ್ಥಿನಿಯರೂ ಉಪಾಧ್ಯಾಯಿನಿಯರೂ ಕೂಡಿ ಕೈಗೊಳ್ಳುವ ಬೈಸಿಕಲ್ ಪ್ರಯಾಣಕ್ಕೆ ಮುಂಚೆ, ಪೋಷಕರಿಂದ ನಮಗೆ ಬರುವ ಪತ್ರಗಳಲ್ಲಿ ಹತ್ತಕ್ಕೆ ಎಂಟರಲ್ಲಿ ಒಂದೇ ಪ್ರಶ್ನೆ ಇರುತ್ತದೆ: "ಮಗಳು ಏನನ್ನು ತೊಟ್ಟುಕೊಂಡು ಬರಬೇಕು?" ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವುದಕ್ಕಿಂತ ಎಲ್ಲರಿಗೂ ಒಂದೇ ಉತ್ತರವನ್ನು ಇಲ್ಲಿ ಬರೆಯುವುದು ಮೇಲೆಂದು ತೋರಿತು. ಈ ಪ್ರಶ್ನೆಗೆ ನಾವು ಮೊದಲನೆಯ ವರ್ಷ ಕೊಟ್ಟ ಉತ್ತರ ತಪ್ಪಾಗಿದ್ದಿತು. ಅದನ್ನು ಒಪ್ಪಿಕೊಳ್ಳತಕ್ಕ ಸ್ಥಳವೂ ಇದೇ ಎಂದು ಭಾವಿಸುತ್ತೇವೆ.

ಪ್ರಯಾಣದ ದಾರಿಯನ್ನು ಮೊದಲು ಹೇಳುವೆವು. ರಾತ್ರಿ ಹತ್ತು ಗಂಟೆಗೆ ಮೈಸೂರಿನಿಂದ ಹೊರಟು, ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರುಗಳನ್ನು ಹಾದು, ಬೆಳಗಿನ ಜಾವ ನಾಲ್ಕರ ಸುಮಾರಿಗೆ ಸೋಮನಹಳ್ಳಿಯನ್ನು ಸೇರುತ್ತೇವೆ. ಮುಖ್ಯಮಂತ್ರಿಗಳಾಗಿದ್ದ ಎಸ್. ಎಂ. ಕೃಷ್ಣ ಅವರು 1932ರಲ್ಲಿ ಹುಟ್ಟಿದ ಊರೆಂದು ಸೋಮನಹಳ್ಳಿಯ ಹೆಸರನ್ನು ಹಲವರು ಕೇಳಿರುವರು. ನಮಗೆ ಮಾತ್ರ ಅದು ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ಕೊಟ್ಟ ಊರು. ಅವಳ ಮನೆಯ ಜಗಲಿಯಲ್ಲಿ ಬಿಸಿ ಕಾಫಿ ಕುಡಿದು ಒಂದು ಗಂಟೆ ವಿಶ್ರಮಿಸಿ, ರುದ್ರಾಕ್ಷಿಪುರದ ಬಳಿ ಹೆದ್ದಾರಿಯನ್ನು ಬಿಟ್ಟು, ಸೂರ್ಯೋದಯದ ಹೊತ್ತಿಗೆ ಕೊಕ್ಕರೆ ಬೆಳ್ಳೂರನ್ನು ಮುಟ್ಟುತ್ತೇವೆ. ಒಟ್ಟು ದೂರ ಸುಮಾರು 80 ಕಿಲೋಮೀಟರು. ಹೊಸ ಬೆಂಗಳೂರು ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೂ ಯಂತ್ರವಿಲ್ಲದ ಗಾಡಿಗಳಿಗೂ ಪ್ರವೇಶವನ್ನು ನಿಷೇಧಿಸಿರುವುದರಿಂದ, ನಾವು ಪಕ್ಕದ ಸೇವಾ ರಸ್ತೆಗಳಲ್ಲಿಯೂ ಊರೊಳಗಿನ ಹಳೆಯ ರಸ್ತೆಯಲ್ಲಿಯೂ ಹೋಗುತ್ತೇವೆ. ಶಾಲೆಯ ವ್ಯಾನು ದೀಪ ಹೊತ್ತಿಸಿಕೊಂಡು ಹಿಂದಿನಿಂದ ಬರುತ್ತದೆ. ಪೋಷಕರ ಸಹಿಯಿಲ್ಲದೆ ಯಾವ ಹುಡುಗಿಯನ್ನೂ ಕರೆದೊಯ್ಯುವುದಿಲ್ಲ.

ಮೊದಲನೆಯ ಪ್ರಯಾಣಕ್ಕೆ ಮುಂಚೆ ನಾವು ಹೊರಡಿಸಿದ ಸುತ್ತೋಲೆಯಲ್ಲಿ ಉಡುಪನ್ನು ಕುರಿತ ವಾಕ್ಯ ಒಂದೇ ಒಂದು. ಹುಡುಗಿಯರೆಲ್ಲರೂ ಶಾಲೆಯ ಸಮವಸ್ತ್ರವಾದ ಚೂಡಿದಾರವನ್ನು ತೊಟ್ಟು, ದುಪ್ಪಟ್ಟವನ್ನು ಎರಡು ಭುಜಗಳಿಗೂ ಪಿನ್ನು ಹಾಕಿಕೊಂಡು, ನೀಲಿ ಸ್ವೆಟರನ್ನು ಧರಿಸಿ ಬರತಕ್ಕದ್ದು ಎಂದಿದ್ದಿತು. ಹಾಗೆ ಬರೆದುದಕ್ಕೆ ನಮ್ಮಲ್ಲಿ ಕಾರಣವಿದ್ದಿತು. ರಾತ್ರಿಯ ಹೊತ್ತು ಮೂವತ್ತು ಮಂದಿ ಹೆಂಗಸರು ರಸ್ತೆಯಲ್ಲಿ ಹೋಗುವಾಗ ನೋಡಿದವರು ಏನೆಂದಾರು ಎಂಬ ಯೋಚನೆ ನಮ್ಮನ್ನು ಬಹಳವಾಗಿ ಕಾಡುತ್ತಿದ್ದಿತು. ಸಮವಸ್ತ್ರವಿದ್ದರೆ ಇವರು ಶಾಲೆಯವರೆಂದು ಎಲ್ಲರಿಗೂ ತಿಳಿದು, ಗೌರವದಿಂದ ದಾರಿ ಬಿಡುವರೆಂದು ನಂಬಿದ್ದೆವು. ನಾವು ಚಿಕ್ಕವರಾಗಿ ಬೋರ್ಡಿಂಗಿನಲ್ಲಿದ್ದಾಗ ನಮ್ಮ ಮೇಟ್ರನ್ನಮ್ಮನವರು ಗೇಟಿನ ಬಳಿ ನಿಂತು ಒಬ್ಬೊಬ್ಬಳ ಪಿನ್ನನ್ನೂ ನೋಡಿ ಹೊರಗೆ ಬಿಡುತ್ತಿದ್ದರು. ಅವರ ಕಣ್ಣು ನಮ್ಮೊಳಗೆ ಇನ್ನೂ ಕುಳಿತಿದೆ. ಪ್ರಯಾಣದ ರಾತ್ರಿ ನಾವೂ ಅದೇ ರೀತಿಯಲ್ಲಿ ಗೇಟಿನ ಬಳಿ ನಿಂತು ಪಿನ್ನುಗಳನ್ನು ಪರೀಕ್ಷಿಸಿದೆವು. ಪ್ರಾರ್ಥನೆ ಮಾಡಿ ಹೊರಟೆವು.

ಮಂಡ್ಯದವರೆಗೆ ಎಲ್ಲವೂ ಸುಗಮವಾಗಿ ನಡೆಯಿತು. ಮದ್ದೂರನ್ನು ದಾಟಿದ ಮೇಲೆ, ಸೋಮನಹಳ್ಳಿ ಇನ್ನೇನು ಒಂದು ಕೂಗಿನಷ್ಟು ದೂರವಿರುವಾಗ, ನಮ್ಮ ಮುಂದೆ ಹೋಗುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತಟಕ್ಕನೆ ಹಿಂದಕ್ಕೆ ಸೆಳೆಯಲ್ಪಟ್ಟಂತಾಗಿ ಬೈಸಿಕಲ್ಲಿನೊಂದಿಗೆ ಬಿದ್ದಳು. ಆರು ಗಂಟೆಗಳ ಕಾಲದ ಅಲುಗಾಟದಲ್ಲಿ ಒಂದು ಭುಜದ ಪಿನ್ನು ಬಿಟ್ಟುಕೊಂಡಿದ್ದಿತು. ಗಾಳಿಗೆ ಹಾರಿದ ದುಪ್ಪಟ್ಟದ ತುದಿ ಹಿಂದಿನ ಚಕ್ರದ ಕಡ್ಡಿಗಳಿಗೆ ಸಿಕ್ಕಿತ್ತು. ಇನ್ನೊಂದು ಭುಜದ ಪಿನ್ನು ಭದ್ರವಾಗಿದ್ದುದರಿಂದ ಬಟ್ಟೆ ಕಳಚಿಕೊಳ್ಳದೆ ಕುತ್ತಿಗೆಯನ್ನು ಬಿಗಿಯಿತು. ನಾವು ಬೈಸಿಕಲ್ಲನ್ನು ಎಸೆದು ಓಡಿದೆವು. ಹಳೆಯ ವಿದ್ಯಾರ್ಥಿನಿಯರಲ್ಲಿ ದಾದಿಯಾಗಿರುವ ಒಬ್ಬಳು ಕತ್ತರಿಯಿಂದ ಬಟ್ಟೆಯನ್ನು ಕತ್ತರಿಸಿದಳು. ದೇವರ ದಯೆಯಿಂದ ಹುಡುಗಿಗೆ ಮೊಣಕೈ ತರಚಿದ್ದೂ ಕುತ್ತಿಗೆಯ ಸುತ್ತ ಕೆಂಪು ಗೆರೆ ಬಿದ್ದದ್ದೂ ಬಿಟ್ಟರೆ ಹೆಚ್ಚಿನ ಅಪಾಯವಾಗಲಿಲ್ಲ. ಅವಳು ಎದ್ದು ಕುಳಿತು ಮೊದಲು ಹೇಳಿದ ಮಾತು, "ಕ್ಷಮಿಸಿ ಮಿಸ್, ಪಿನ್ನು ಬಿಚ್ಚಿಹೋಯಿತು" ಎಂಬುದಾಗಿದ್ದಿತು. ನಮ್ಮ ತಪ್ಪಿಗೆ ಮಗು ಕ್ಷಮೆ ಬೇಡಿದುದನ್ನು ಕೇಳಿ ನಮಗೆ ಉತ್ತರವೇ ಹೊರಡಲಿಲ್ಲ.

ಅವಳನ್ನು ವ್ಯಾನಿನಲ್ಲಿ ಕುಳ್ಳಿರಿಸಿಕೊಂಡು ಸೋಮನಹಳ್ಳಿಯ ಮನೆಗೆ ಬಂದೆವು. ನಮ್ಮ ವಿದ್ಯಾರ್ಥಿನಿಯ ಅತ್ತೆಯವರು, ಎಪ್ಪತ್ತನ್ನು ದಾಟಿದ ವೃದ್ಧೆ, ಹುಡುಗಿಯ ಕುತ್ತಿಗೆಗೆ ಕೊಬ್ಬರಿ ಎಣ್ಣೆಯನ್ನು ಹಚ್ಚುತ್ತಾ, ನಡೆದುದನ್ನೆಲ್ಲ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ನಮ್ಮ ಕಡೆಗೆ ತಿರುಗಿ ಹೇಳಿದರು:

"ಮೇಡಮ್ಮೋರೆ, ಒಂದ್ ಮಾತ್ ಏಳ್ತೀನಿ, ತಪ್ ತಿಳ್ಕಬ್ಯಾಡಿ. ನಾವು ಕಬ್ಬು ಕಡಿಯಾಕೆ ಓಗೋವಾಗ ಸೀರೆ ಮ್ಯಾಲೆ ಗಂಡಸ್ರ ತುಂಬ್ತೋಳಿನ ಸರಟು ಆಕ್ಕತೀವಿ. ಸೆರಗ ಸೊಂಟಕ್ಕೆ ಸಿಗಿಸ್ಕತೀವಿ. ಇಲ್ದಿದ್ರೆ ಗರಿ ಮೈಯೆಲ್ಲ ಕುಯ್ತದೆ ಕಣ್ರವ್ವ. ಅದ ಕಂಡು ನಮ್ಮ ಮರ್ವಾದೆ ಓಯ್ತು ಅಂತ ಈ ಊರಲ್ಲಿ ಯಾರೂ ಅಂದಿಲ್ಲ. ಕೆಲ್ಸಕ್ಕೆ ತಕ್ಕಂಗೆ ಬಟ್ಟೆ. ನೀವು ಓದ್ದೋರು, ಈ ಮಗೀಗೆ ಕತ್ಗೆ ಅಗ್ಗ ಕಟ್ಟಿ ಕಳ್ಸಿದ್ದೀರಲ್ಲ!"

ಮಂಡ್ಯ ಸೀಮೆಯ ರಸ್ತೆಯಲ್ಲಿ ಹೋದವರೆಲ್ಲರೂ ಸೀರೆಯ ಮೇಲೆ ಗಂಡಸರ ಷರ್ಟನ್ನು ತೊಟ್ಟು ಗದ್ದೆಗೆ ಹೋಗುವ ಹೆಂಗಸರನ್ನು ನೋಡಿರುವರು. ನಾವೂ ಸಾವಿರ ಸಲ ನೋಡಿದ್ದೆವು. ಅದರಲ್ಲಿ ನಮಗೆ ಕಲಿಯತಕ್ಕದ್ದೇನಾದರೂ ಇದೆಯೆಂದು ಮಾತ್ರ ಒಮ್ಮೆಯೂ ತೋಚಿರಲಿಲ್ಲ. ಆ ದಿನ ಮನೆಗೆ ಬಂದು ಹುಡುಗಿಯ ತಾಯಿತಂದೆಗಳ ಮುಂದೆ ನಿಂತು ತಪ್ಪು ನಮ್ಮದೆಂದು ಹೇಳಿದೆವು. ಅವರು ದೊಡ್ಡ ಮನಸ್ಸಿನಿಂದ ಕ್ಷಮಿಸಿದರು. ಆದರೆ "ಮುಂದಿನ ವರ್ಷ ಇವಳನ್ನು ಕಳುಹಿಸುವುದಿಲ್ಲ" ಎಂದು ತಾಯಿಯವರು ಹೇಳಿದಾಗ, ಕಳುಹಿಸಿರಿ ಎನ್ನುವ ಅಧಿಕಾರ ನಮಗೆ ಉಳಿದಿರಲಿಲ್ಲ.

ಆಮೇಲೆ ನಾವು ಈ ವಿಷಯವನ್ನು ಓದಿದೆವು. ನಮ್ಮ ತೊಡಕು ಹೊಸದೇನೂ ಅಲ್ಲವೆಂದು ತಿಳಿಯಬಂದಿತು. ಇಂಗ್ಲೆಂಡಿನಲ್ಲಿ ನೆಲ ಗುಡಿಸುವ ಲಂಗಗಳಿಗೆ ಬದಲಾಗಿ ಹಗುರವಾದ ಉಡುಪು ಬೇಕೆಂದು ಹೆಂಗಸರು 1881ರಲ್ಲಿಯೇ ಒಂದು ಸಂಘವನ್ನು ಕಟ್ಟಿದ್ದರು. ಅದರ ಮುಖಂಡರಾಗಿದ್ದ ಲೇಡಿ ಹಾರ್ಬರ್ಟನ್ ಎಂಬಾಕೆ 1898ರಲ್ಲಿ ಬೈಸಿಕಲ್ ಸವಾರಿಯ ಚಲ್ಲಣವನ್ನು ತೊಟ್ಟು ಒಂದು ಹೋಟೆಲಿಗೆ ಹೋದಾಗ, ಅಲ್ಲಿಯವರು ಆಕೆಯನ್ನು ಕಾಫಿ ಕೋಣೆಗೆ ಸೇರಿಸಲಿಲ್ಲವೆಂದು ಆ ಸಂಗತಿ ನ್ಯಾಯಸ್ಥಾನದವರೆಗೆ ಹೋಯಿತು. ಅಮೆರಿಕಾದ ಮದ್ಯಪಾನ ವಿರೋಧಿ ಚಳವಳಿಯ ಮುಂದಾಳಾದ ಫ್ರಾನ್ಸಿಸ್ ವಿಲ್ಲಾರ್ಡ್ ಅವರು ತಮ್ಮ 53ನೆಯ ವಯಸ್ಸಿನಲ್ಲಿ ಬೈಸಿಕಲ್ ಸವಾರಿಯನ್ನು ಕಲಿತು, 1895ರಲ್ಲಿ ಅದನ್ನು ಕುರಿತು ಒಂದು ಪುಸ್ತಕವನ್ನೇ ಬರೆದರು. ನೆರೆಯ ತಮಿಳುನಾಡಿನ ಪುದುಕ್ಕೋಟ್ಟೆ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ನಡೆದ ಸಾಕ್ಷರತಾ ಆಂದೋಲನವು ಅಕ್ಷರದ ಜೊತೆಗೆ ಬೈಸಿಕಲ್ಲನ್ನೂ ಹಳ್ಳಿಯ ಹೆಂಗಸರಿಗೆ ಕಲಿಸಿತು. ಸೀರೆಯುಟ್ಟ ಸಹಸ್ರಾರು ಮಂದಿ ರಸ್ತೆಗಿಳಿದರು. ನಮ್ಮ ರಾಜ್ಯದಲ್ಲಿಯೂ 2006-07ರಿಂದ ಹಲವು ವರ್ಷಗಳ ಕಾಲ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲುಗಳನ್ನು ಕೊಟ್ಟಿತು. ಇದಕ್ಕೆಲ್ಲ ವಿರುದ್ಧವಾದ ಎಚ್ಚರಿಕೆಯೂ ಇತಿಹಾಸದಲ್ಲಿದೆ. ಪ್ರಸಿದ್ಧ ನರ್ತಕಿ ಇಸಡೋರಾ ಡಂಕನ್ 1927ರಲ್ಲಿ ಫ್ರಾನ್ಸಿನ ನೀಸ್ ಪಟ್ಟಣದಲ್ಲಿ ಸತ್ತದ್ದು, ಕುತ್ತಿಗೆಯ ನೀಳವಾದ ರೇಷ್ಮೆಯ ವಸ್ತ್ರ ಮೋಟಾರಿನ ಚಕ್ರಕ್ಕೆ ಸಿಕ್ಕಿದ್ದರಿಂದ. ಸೋಮನಹಳ್ಳಿಯ ಬಳಿ ಅದೇ ನಮ್ಮ ಕಣ್ಣೆದುರಿಗೆ ನಡೆಯುವುದರಲ್ಲಿದ್ದಿತು.

ಹಳೆಯ ಕಾಲದ ಹೆಂಗಸರ ಬೈಸಿಕಲ್ಲಿಗೆ ಅಡ್ಡ ಕಂಬಿ ಇರುತ್ತಿರಲಿಲ್ಲ; ಹಿಂದಿನ ಚಕ್ರಕ್ಕೆ ಸೀರೆ ಗಾರ್ಡು, ಚೈನಿಗೆ ಪೂರಾ ಮುಚ್ಚಳ ಇರುತ್ತಿದ್ದುವು. ನಾವು ಶಿಕ್ಷಕರ ತರಬೇತಿಯಲ್ಲಿದ್ದಾಗ ಅಂತಹ ಬೈಸಿಕಲ್ಲಿನಲ್ಲಿ ಸೀರೆಯುಟ್ಟೇ ಓಡಾಡಿದ್ದೆವು. ಈಗ ಹುಡುಗಿಯರು ತರುವ ಗೇರಿನ ಬೈಸಿಕಲ್ಲುಗಳಲ್ಲಿ ಇವೆರಡೂ ಇಲ್ಲ. ಗಾಡಿ ಬದಲಾದರೂ ಉಡುಪಿನ ನಿಯಮ ಬದಲಾಗದೆ ಉಳಿದುದೇ ನಮ್ಮ ತಪ್ಪಿನ ಮೂಲವೆಂದು ಹೇಳಬಹುದು.

ಮರುವರ್ಷದ ಡಿಸೆಂಬರಿನಲ್ಲಿ ನಮ್ಮ ವಿಜ್ಞಾನದ ಉಪಾಧ್ಯಾಯಿನಿಯವರು ಒಂದು ಪರೀಕ್ಷೆಯನ್ನು ಏರ್ಪಡಿಸಿದರು. ಸಂಜೆ ಕತ್ತಲಾದ ಮೇಲೆ ವ್ಯಾನಿನ ದೀಪಗಳನ್ನು ಆಟದ ಮೈದಾನದ ಕಡೆಗೆ ತಿರುಗಿಸಿ, ನಾಲ್ವರು ಹುಡುಗಿಯರನ್ನು ದೂರಕ್ಕೆ ನಡೆಯಿಸಿದರು. ಪೋಷಕರೂ ಬಂದಿದ್ದರು. ಶಾಲೆಯ ನೀಲಿ ಸ್ವೆಟರನ್ನು ತೊಟ್ಟವಳು ಬೇವಿನ ಮರದ ಹತ್ತಿರವೇ ಮಾಯವಾದಳು. ಕಣ್ಣು ಕುಕ್ಕುವ ಹಳದಿ ಮಿಶ್ರಿತ ಹಸಿರು ಬನಿಯನ್ನನ್ನು ತೊಟ್ಟವಳು ಅವಳಿಗಿಂತ ಸ್ವಲ್ಪ ದೂರ ಕಂಡಳು. ಬಿಳಿಯ ಬಟ್ಟೆಯವಳು ಇನ್ನಷ್ಟು ದೂರ ಮಸುಕಾಗಿ ಕಂಡಳು. ನಾಲ್ಕನೆಯವಳು ಅದೇ ನೀಲಿ ಸ್ವೆಟರಿನ ಮೇಲೆ ಪ್ರತಿಫಲಕ ಪಟ್ಟಿಗಳ ತೋಳಿಲ್ಲದ ಕೋಟನ್ನು ಹಾಕಿಕೊಂಡು, ಕಾಲ್ಗಿಣ್ಣುಗಳಿಗೆ ಅಂತಹುದೇ ಪಟ್ಟಿಗಳನ್ನು ಕಟ್ಟಿಕೊಂಡಿದ್ದಳು. ಅವಳು ಮೈದಾನದ ಕೊನೆಯ ಗೋಡೆಯವರೆಗೂ ಹೋಗಿ ನಿಂತರೂ ಬೆಳ್ಳಿಯ ಗೆರೆಗಳಂತೆ ಹೊಳೆಯುತ್ತಿದ್ದಳು.

ಇದರ ಕಾರಣವನ್ನು ಅವರು ಸರಳವಾಗಿ ವಿವರಿಸಿದರು. ಕಣ್ಣು ಕುಕ್ಕುವ ಬಣ್ಣಗಳು ಹಗಲಿನಲ್ಲಿ ಸೂರ್ಯನ ನೇರಳಾತೀತ ಕಿರಣಗಳನ್ನು ಹೀರಿ ಕಣ್ಣಿಗೆ ಕಾಣುವ ಬೆಳಕಾಗಿ ಮಾರ್ಪಡಿಸುವುದರಿಂದ ಅಷ್ಟು ಹೊಳೆಯುತ್ತವೆ. ರಾತ್ರಿಯಲ್ಲಿ ಆ ಕಿರಣಗಳಿಲ್ಲದೆ ಅವು ಸಾಮಾನ್ಯ ಬಣ್ಣಗಳಾಗುತ್ತವೆ. ಪ್ರತಿಫಲಕ ಪಟ್ಟಿಯಲ್ಲಿಯಾದರೋ ಅತಿ ಸಣ್ಣ ಗಾಜಿನ ಮಣಿಗಳೋ ಮೂಲೆಗನ್ನಡಿಗಳೋ ಇರುತ್ತವೆ. ಅವು ಬೆಳಕನ್ನು ಅದು ಬಂದ ದಿಕ್ಕಿಗೇ ಹಿಂದಕ್ಕೆ ಕಳುಹಿಸುವುವು. ಆದ್ದರಿಂದ ದೀಪದ ಹಿಂದೆ ಕುಳಿತ ಚಾಲಕನಿಗೆ ಅದು ಬೆಳಗಿದಂತೆ ತೋರುತ್ತದೆ. ಅದರಲ್ಲಿಯೂ ಕಾಲ್ಗಿಣ್ಣಿನ ಮತ್ತು ಮೊಣಕಾಲಿನ ಪಟ್ಟಿಗಳು ತುಳಿತಕ್ಕೆ ಸರಿಯಾಗಿ ಮೇಲಕ್ಕೂ ಕೆಳಕ್ಕೂ ಆಡುವುದರಿಂದ, ಅಲ್ಲಿರುವುದು ಕಂಬವಲ್ಲ, ಮನುಷ್ಯರೆಂದು ಚಾಲಕನಿಗೆ ಬೇಗನೆ ಗೊತ್ತಾಗುವುದು. ದೂರದ ಪ್ರಯಾಣದ ಬೈಸಿಕಲ್ ಸಂಘಗಳು 200 ಕಿಲೋಮೀಟರು ಮತ್ತು ಅದಕ್ಕೂ ಮಿಗಿಲಾದ ಸವಾರಿಗಳಲ್ಲಿ ರಾತ್ರಿಯ ಹೊತ್ತು ಇಂತಹ ಕೋಟು ಕಡ್ಡಾಯವೆಂದು ವಿಧಿಸಿರುವುದು ಈ ಕಾರಣದಿಂದಲೇ. ನಮ್ಮ ರಸ್ತೆಯಲ್ಲಿ ಜನವರಿ ಎಂದರೆ ಕಬ್ಬು ಅರೆಯುವ ಕಾಲ. ಹಿಂದೆ ದೀಪವಿಲ್ಲದ ಟ್ರಾಕ್ಟರುಗಳು ಎರಡೂ ಪಕ್ಕಕ್ಕೆ ಜಲ್ಲೆಗಳನ್ನು ಚಾಚಿಕೊಂಡು ಕಾರ್ಖಾನೆಯ ಕಡೆಗೆ ಹೋಗುತ್ತಿರುತ್ತವೆ. ಅವುಗಳ ಚಾಲಕರ ಕಣ್ಣಿಗೆ ನಾವು ಬೀಳದಿದ್ದರೆ ಯಾವ ಸಮವಸ್ತ್ರವೂ ನಮ್ಮನ್ನು ಕಾಯಲಾರದು. ದೀಪಕ್ಕೆ ಎಣ್ಣೆಯನ್ನು ತರದೆ ಬಂದ ಕನ್ಯೆಯರ ಸಾಮ್ಯವನ್ನು ಬಾಲ್ಯದಿಂದ ಕೇಳಿದವರಾದ ನಾವು, ಬೈಸಿಕಲ್ಲಿನ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಎರಡಕ್ಕೂ ಪೂರ್ಣವಾದ ಬ್ಯಾಟರಿ ಎಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಈಗ ತಲೆಯಿಂದ ಕಾಲಿನವರೆಗೆ ಕ್ರಮವಾಗಿ ಹೇಳುವೆವು.

ತಲೆಗೆ ಹೆಲ್ಮೆಟ್ಟು ಇರಲೇಬೇಕು. ಗದ್ದದ ಪಟ್ಟಿಯೊಳಗೆ ಎರಡು ಬೆರಳು ಹಿಡಿಯುವಷ್ಟು ಮಾತ್ರ ಸಡಿಲವಿರಲಿ. ಜಡೆಯನ್ನು ಒಂದೇ ಆಗಿ ಕೆಳಕ್ಕೆ ಹೆಣೆದು ಕೋಟಿನೊಳಗೆ ಸೇರಿಸತಕ್ಕದ್ದು; ಮೇಲೆ ಕಟ್ಟಿದ ತುರುಬಿನ ಮೇಲೆ ಹೆಲ್ಮೆಟ್ಟು ಕೂರುವುದಿಲ್ಲ. ಕಿವಿಗೆ ಚಳಿಯಾಗುವುದರಿಂದ ತೆಳುವಾದ ಹತ್ತಿಯ ಕುಲಾವಿಯನ್ನು ಹೆಲ್ಮೆಟ್ಟಿನ ಕೆಳಗೆ ಹಾಕಿಕೊಳ್ಳಬಹುದು. ಆದರೆ ವಾಹನದ ಸದ್ದು ಕೇಳಿಸದಷ್ಟು ದಪ್ಪನಾಗಿರಬಾರದು. ಮಫ್ಲರು, ದುಪ್ಪಟ್ಟ, ರಿಬ್ಬನ್ನು ಮುಂತಾಗಿ ತುದಿ ಹಾರುವ ಯಾವುದೂ ಬೇಡ. ಕಣ್ಣಿಗೆ ಬಣ್ಣವಿಲ್ಲದ ಕನ್ನಡಕವಿದ್ದರೆ ಗದ್ದೆಯ ಬಯಲಿನ ಹುಳುಗಳಿಂದಲೂ ಲಾರಿಯ ಧೂಳಿನಿಂದಲೂ ರಕ್ಷಣೆ ಸಿಗುತ್ತದೆ.

ಮೈಗೆ ಒಂದೇ ದಪ್ಪ ಬಟ್ಟೆಗಿಂತ ಮೂರು ತೆಳು ಬಟ್ಟೆಗಳು ಮೇಲು. ವಿಶ್ವೇಶ್ವರಯ್ಯ ನಾಲೆಯ ನೀರು ನಿಂತ ಗದ್ದೆಗಳ ನಡುವೆ ಬೆಳಗಿನ ಜಾವದ ಚಳಿ ಊರೊಳಗಿನ ಚಳಿಯಂತಲ್ಲ; ಬೈಸಿಕಲ್ಲಿನ ವೇಗಕ್ಕೆ ಎದುರುಗಾಳಿಯೂ ಸೇರಿ ಎದೆಯನ್ನು ಹಿಡಿಯುತ್ತದೆ. ಆದರೂ ಮೊದಲನೆಯ ಗಂಟೆಯಲ್ಲಿ ಎಲ್ಲರಿಗೂ ಬೆವರುವುದು. ಹತ್ತಿಯ ಬಟ್ಟೆ ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿದು, ನಿಂತ ಕೂಡಲೆ ಮೈಯನ್ನು ತಣ್ಣಗಾಗಿಸುತ್ತದೆ. ಆದಕಾರಣ ಆಟದ ಸಮಯಕ್ಕೆ ತೊಡುವ ಬೇಗ ಒಣಗುವ ಬನಿಯನ್ನು ಒಳಗೆ, ಉಣ್ಣೆಯ ತೆಳು ಸ್ವೆಟರು ನಡುವೆ, ಗಾಳಿಯನ್ನು ತಡೆಯುವ ಹಗುರವಾದ ಜಾಕೆಟ್ಟು ಮೇಲೆ, ಅದರ ಮೇಲೆ ಪ್ರತಿಫಲಕ ಕೋಟು. ಉಣ್ಣೆಯು ಸ್ವಲ್ಪ ತೇವವಾದರೂ ಬೆಚ್ಚಗಿಡುವ ಗುಣವುಳ್ಳದ್ದು. ಜಾಕೆಟ್ಟನ್ನು ಕೊಳ್ಳಲಾರದವರು ಸುದ್ದಿಪತ್ರಿಕೆಯ ಎರಡು ಹಾಳೆಗಳನ್ನು ಎದೆಯ ಮೇಲೆ ಸ್ವೆಟರಿನೊಳಗೆ ಹರಡಿಕೊಳ್ಳಲಿ. ಯೂರೋಪಿನ ಪಂದ್ಯಗಳ ಸವಾರರು ಬೆಟ್ಟವಿಳಿಯುವಾಗ ಮಾಡುತ್ತಿದ್ದ ಹಳೆಯ ಉಪಾಯವಿದು. ಮಂಡ್ಯದಲ್ಲಿ ನಿಂತಾಗ ಬದಲಾಯಿಸಿಕೊಳ್ಳಲು ಒಣಗಿದ ಒಳಬನಿಯನ್ನೊಂದು ಚೀಲದಲ್ಲಿರಬೇಕು. ಇದೊಂದನ್ನು ಮರೆಯದಿದ್ದರೆ ನೆಗಡಿಯ ಅರ್ಧ ದೂರುಗಳು ಇಲ್ಲವಾಗುವುವು.

ಕುರ್ತಾ ತೊಡುವವರು ತೊಡೆಯ ನಡುವಿನಷ್ಟೇ ಉದ್ದದ್ದನ್ನು ತೊಡಲಿ. ಮಂಡಿಗಿಂತ ಕೆಳಕ್ಕೆ ಇಳಿದ ಹಿಂಭಾಗವು ಸೀಟಿನ ಮೂಗಿಗೆ ಸಿಕ್ಕಿಕೊಂಡು ಇಳಿಯುವಾಗ ಬೀಳಿಸುತ್ತದೆ. ಕಾಲಿಗೆ ಜೀನ್ಸು ಬೇಡ. ಅದರ ನಡುಹೊಲಿಗೆ ಗಂಟಿನಂತೆ ದಪ್ಪನಾಗಿರುವುದು, ಒದ್ದೆಯಾದರೆ ಬೆಳಗಿನವರೆಗೆ ಒಣಗದು. ಹಿಗ್ಗುವ ಬಟ್ಟೆಯ ಷರಾಯಿಯಾದರೂ ಆಗಲಿ, ಸಡಿಲವಾದ ಸಲ್ವಾರಾದರೂ ಆಗಲಿ, ಎರಡೂ ಕಾಲ್ಗಿಣ್ಣುಗಳ ಬಳಿ ಪಟ್ಟಿಯಿಂದ ಕಟ್ಟಿರಬೇಕು. ಬಲಗಾಲಿನದು ಚೈನಿಗೆ ಸಿಕ್ಕುವ ಅಪಾಯ ಹೆಚ್ಚು. ಮೆತ್ತೆಯಿಟ್ಟ ಸವಾರಿಯ ಚಡ್ಡಿಯನ್ನು ಷರಾಯಿಯ ಒಳಗೆ ತೊಡುವವರು ಅದನ್ನು ಮೈಗೆ ನೇರವಾಗಿ ತೊಡತಕ್ಕದ್ದು. ಅದರೊಳಗೆ ಮತ್ತೊಂದು ಬಟ್ಟೆಯಿದ್ದರೆ ಹೊಲಿಗೆಯ ಅಂಚು ಚರ್ಮವನ್ನು ಉಜ್ಜಿ ಹುಣ್ಣಾಗುವುದು. ಹೊಸದಾಗಿ ಕೊಂಡ ಯಾವ ಉಡುಪನ್ನೂ ಆ ರಾತ್ರಿಯೇ ಮೊದಲ ಸಲ ತೊಡಬಾರದು; ಹಿಂದಿನ ವಾರ ಒಂದು ಗಂಟೆ ಅದರಲ್ಲಿ ಸವಾರಿ ಮಾಡಿ ನೋಡಬೇಕು.

ತಾಯಂದಿರು ಬಾಯಿಬಿಟ್ಟು ಕೇಳಲು ಸಂಕೋಚಪಡುವ ಒಂದು ಸಂಗತಿಯನ್ನು ನಾವೇ ಹೇಳಿಬಿಡುವೆವು. ತಿಂಗಳ ದಿನಗಳಲ್ಲಿರುವ ಹುಡುಗಿ ಬರಲೇಬೇಕೆಂದಿಲ್ಲ, ಬರಬಾರದೆಂದೂ ಇಲ್ಲ. ಅದು ಅವಳ ಇಷ್ಟ. ಕಪ್ಪು ಬಣ್ಣದ ಷರಾಯಿ, ಬದಲಾಯಿಸಲು ಇನ್ನೊಂದು, ಬೇಕಾದ ಇತರ ಸಾಮಗ್ರಿ ಇವು ವ್ಯಾನಿನಲ್ಲಿ ಅವಳ ಹೆಸರಿನ ಚೀಲದಲ್ಲಿರಲಿ. ನಿಲ್ಲುವ ಪ್ರತಿಯೊಂದು ಸ್ಥಳವನ್ನೂ ಶೌಚಾಲಯವಿದೆಯೇ ಎಂದು ಮುಂಚಿತವಾಗಿ ನೋಡಿಯೇ ನಾವು ಗೊತ್ತುಮಾಡಿರುತ್ತೇವೆ.

ಕೈಗೆ ಗವಸುಗಳಿರಲಿ. ಆರು ಗಂಟೆಗಳ ಕಾಲ ಹಿಡಿಯ ಮೇಲೆ ಭಾರ ಬಿದ್ದರೆ ಬೆರಳುಗಳು ಜೋಮು ಹಿಡಿಯುತ್ತವೆ. ಬಿದ್ದರೆ ಮೊದಲು ತರಚುವುದೂ ಅಂಗೈಯೇ. ಗಾಜಿನ ಬಳೆಗಳನ್ನು ಮನೆಯಲ್ಲಿಯೇ ಬಿಟ್ಟು ಬರಬೇಕು. ಕಾಲಿಗೆ ಗಟ್ಟಿ ಅಟ್ಟೆಯ ಷೂಸು. ಲಾಡಿಯ ತುದಿಗಳನ್ನು ಒಳಕ್ಕೆ ಸೇರಿಸಿರಬೇಕು. ಹವಾಯಿ ಚಪ್ಪಲಿಯಲ್ಲಿ ಬಂದವರನ್ನು ಗೇಟಿನಿಂದಲೇ ಹಿಂದಕ್ಕೆ ಕಳುಹಿಸುವೆವು. ಮೇಟ್ರನ್ನಮ್ಮನವರ ಪರೀಕ್ಷೆಯನ್ನು ನಾವು ಬಿಟ್ಟಿಲ್ಲ. ಪಿನ್ನಿಗೆ ಬದಲಾಗಿ ದೀಪ, ಪಟ್ಟಿ, ಲಾಡಿಗಳನ್ನು ನೋಡುತ್ತೇವೆ.

ಇವುಗಳಲ್ಲಿ ಹಣ ಕೊಟ್ಟು ಕೊಳ್ಳಲೇಬೇಕಾದವು ಹೆಲ್ಮೆಟ್ಟು ಮತ್ತು ದೀಪಗಳು. ಪ್ರತಿಫಲಕ ಕೋಟುಗಳನ್ನೂ ಕಾಲಿನ ಪಟ್ಟಿಗಳನ್ನೂ ಹಳೆಯ ವಿದ್ಯಾರ್ಥಿನಿಯರು ಶಾಲೆಗೆ ದಾನವಾಗಿ ಕೊಟ್ಟಿದ್ದಾರೆ. ಹೆಲ್ಮೆಟ್ಟಿಲ್ಲವೆಂಬ ಕಾರಣದಿಂದ ಯಾವ ಮಗುವೂ ಹಿಂದುಳಿಯಬಾರದಾದ್ದರಿಂದ, ಇಲ್ಲದವರು ಒಂದು ಮಾತು ತಿಳಿಸಿದರೆ ನಾವು ಒದಗಿಸುವೆವು.

ಈ ಹೊಸ ನಿಯಮಗಳನ್ನು ಪೋಷಕರ ಸಭೆಯಲ್ಲಿ ಓದಿದಾಗ ಆಕ್ಷೇಪಣೆ ಬಾರದೆ ಇರಲಿಲ್ಲ. ಒಬ್ಬ ತಂದೆಯವರು ಎದ್ದು, "ಮೇಡಂ, ದುಪ್ಪಟ್ಟ ಇಲ್ಲದೆ ಕಳುಹಿಸಿದರೆ ನಮ್ಮ ಮನೆಯ ಹಿರಿಯರು ಒಪ್ಪುವುದಿಲ್ಲ. ಶಾಲೆಯೇ ಹೀಗೆ ಹೇಳಿದರೆ ಹೇಗೆ?" ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ನಿಜವಾದ ಸಂಕಟವಿದ್ದಿತು. ಹಿಂದಿನ ವರ್ಷ ನಮ್ಮಲ್ಲಿದ್ದುದೂ ಅದೇ ಸಂಕಟ. ನಾವು ಅವರಿಗೆ ಉಪದೇಶ ಮಾಡಲಿಲ್ಲ. ಪ್ರತಿಫಲಕ ಕೋಟನ್ನು ಅವರ ಕೈಗೆ ಕೊಟ್ಟು, "ಅಣ್ಣ, ದುಪ್ಪಟ್ಟ ಮುಚ್ಚುವಷ್ಟನ್ನೂ ಇದು ಮುಚ್ಚುತ್ತದೆ, ಮುಂದೆಯೂ ಮುಚ್ಚುತ್ತದೆ, ಹಿಂದೆಯೂ ಮುಚ್ಚುತ್ತದೆ, ಹಾರುವುದಿಲ್ಲ" ಎಂದೆವು. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕುಳಿತರು. ಆಗ ಹಿಂದಿನ ಸಾಲಿನಿಂದ ಒಬ್ಬ ತಾಯಿಯವರು ಎದ್ದು ನಿಂತರು. ಅವರು ಹಿಂದಿನ ವರ್ಷ ಬಿದ್ದ ಹುಡುಗಿಯ ತಾಯಿ. "ಆ ಗೆರೆ ಮಾಯಲು ಹದಿನೈದು ದಿವಸ ಹಿಡಿಯಿತು. ಪ್ರತಿ ದಿನ ಎಣ್ಣೆ ಹಚ್ಚುವಾಗ ನಾನು ಅದನ್ನು ನೋಡಿದ್ದೇನೆ. ಈ ಕೋಟು ಹಾಕುವುದಾದರೆ ನನ್ನ ಮಗಳು ಬರುತ್ತಾಳೆ" ಎಂದರು. ಸಭೆಯಲ್ಲಿ ಆಮೇಲೆ ಯಾರೂ ಮಾತನಾಡಲಿಲ್ಲ. ಆ ತಂದೆಯವರೂ ಹೊರಡುವಾಗ ಸಹಿ ಮಾಡಿಕೊಟ್ಟರು.

ನಮ್ಮ ಸ್ವಂತ ಉಡುಪಿನ ಪ್ರಶ್ನೆ ಉಳಿದಿದ್ದಿತು. ಇಪ್ಪತ್ತು ವರ್ಷಗಳಿಂದ ವಿದ್ಯಾರ್ಥಿನಿಯರ ಮುಂದೆ ನಾವು ಸೀರೆಯಲ್ಲಲ್ಲದೆ ನಿಂತವರಲ್ಲ. ಮೊದಲನೆಯ ವರ್ಷ ಸೀರೆಯುಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಳೆಯ ಗಾರ್ಡುಳ್ಳ ಬೈಸಿಕಲ್ಲಿನಲ್ಲಿಯೇ ಬಂದಿದ್ದೆವು. ಅಂದರೆ ಮಕ್ಕಳಿಗೆ ಅಪಾಯದ ಉಡುಪನ್ನು ವಿಧಿಸಿ ನಾವು ಮಾತ್ರ ಕ್ಷೇಮವಾದ ಗಾಡಿಯಲ್ಲಿ ಕುಳಿತಿದ್ದೆವು! ಇದನ್ನು ನೆನೆದಾಗ ನಮಗೆ ನಾಚಿಕೆಯಾಗುತ್ತದೆ. ಎರಡನೆಯ ವರ್ಷ ಕಪ್ಪು ಷರಾಯಿ, ಮೋಟು ಕುರ್ತಾ, ಕೋಟು, ಹೆಲ್ಮೆಟ್ಟುಗಳನ್ನು ಧರಿಸಿ ಗೇಟಿನ ಬಳಿಗೆ ಬಂದೆವು. ಹುಡುಗಿಯರು ಒಂದು ಕ್ಷಣ ನಿಶ್ಶಬ್ದರಾದರು. ಆಮೇಲೆ ಚಪ್ಪಾಳೆ ತಟ್ಟಿದರು. ಗೌರವ ಎಳ್ಳಷ್ಟೂ ಕಡಮೆಯಾದಂತೆ ನಮಗೆ ಕಾಣಲಿಲ್ಲ. ಮರುದಿನ ತರಗತಿಗೆ ಮನೆಗೆಲಸದ ಪುಸ್ತಕವನ್ನು ತಾರದವರು ಎಂದಿನಂತೆಯೇ ನಮ್ಮನ್ನು ಕಂಡು ನಡುಗಿದರು.

ಆ ರಾತ್ರಿ ಸೋಮನಹಳ್ಳಿಯ ತಿರುವಿನಲ್ಲಿ ನಾವು ತಿರುಗಿ ನೋಡಿದಾಗ, ಹಿಂದೆ ಬರುತ್ತಿದ್ದವರ ಕಾಲ್ಗಿಣ್ಣುಗಳ ಪಟ್ಟಿಗಳು ವ್ಯಾನಿನ ಬೆಳಕಿನಲ್ಲಿ ಒಂದೇ ಸಮನೆ ಏರುತ್ತಲೂ ಇಳಿಯುತ್ತಲೂ ಬರುತ್ತಿದ್ದುವು. ಯಾರ ಮುಖವೂ ಕಾಣುತ್ತಿರಲಿಲ್ಲ. ಆದರೆ ಎಲ್ಲರೂ ಇದ್ದಾರೆಂದು ಎಣಿಸಿಕೊಳ್ಳಬಹುದಾಗಿದ್ದಿತು. ನಾವು ಎರಡು ಸಲ ಎಣಿಸಿದೆವು. ಜಗಲಿಯಲ್ಲಿ ಕಾದಿದ್ದ ಅಜ್ಜಿ ಎಲ್ಲರನ್ನೂ ಬಿಟ್ಟು ಹಿಂದಿನ ವರ್ಷದ ಹುಡುಗಿಯನ್ನು ಹತ್ತಿರ ಕರೆದು, ಗದ್ದವನ್ನು ಎತ್ತಿ ಕುತ್ತಿಗೆಯನ್ನು ನೋಡಿದರು. ಆಮೇಲೆ ನಮ್ಮನ್ನು ಮೇಲಿಂದ ಕೆಳಕ್ಕೆ ನೋಡಿ, "ಈಗ ಸರಿ ಓಯ್ತು ಕಣ್ರವ್ವ" ಎಂದು ಕಾಫಿಯ ಲೋಟವನ್ನು ಕೊಟ್ಟರು. ಜಿಲ್ಲಾ ವಿದ್ಯಾಧಿಕಾರಿಗಳ ತಪಾಸಣೆಯಲ್ಲಿ ದೊರೆತ ಯಾವ ಮೆಚ್ಚುಗೆಯೂ ನಮಗೆ ಅಷ್ಟು ಸಮಾಧಾನವನ್ನು ಕೊಟ್ಟಿಲ್ಲ.

ಬೆಳಕು ಹರಿಯುವಾಗ ಕೊಕ್ಕರೆ ಬೆಳ್ಳೂರನ್ನು ತಲುಪಿದೆವು. ಮನೆಗಳ ನಡುವಿನ ಹುಣಿಸೆಯ ಮರಗಳ ಮೇಲೆ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಗೂಡು ಕಟ್ಟುತ್ತಿದ್ದುವು. ಈ ಊರನ್ನು 2007ರಲ್ಲಿ ಸರ್ಕಾರವು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿದೆ. ಆದರೆ ಅದಕ್ಕೆ ಬಹಳ ಹಿಂದಿನಿಂದಲೂ ಊರಿನವರು ಈ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸಿ ನಡೆಸಿಕೊಂಡು ಬಂದಿದ್ದಾರೆ. ದೂರದಿಂದ ಬಂದ ಮಗಳನ್ನು ಊರಿನವರು ಉಡುಪಿನಿಂದ ಅಳೆಯುವುದಿಲ್ಲ. ಕ್ಷೇಮವಾಗಿ ಬಂದು ತಲುಪಿದಳೇ ಎಂದು ಕೇಳುತ್ತಾರೆ. ಹುಡುಗಿಯರು ಹೆಲ್ಮೆಟ್ಟುಗಳನ್ನು ತೆಗೆದು, ಕೆದರಿದ ತಲೆಯಲ್ಲಿ, ಕತ್ತೆತ್ತಿ ಮರಗಳನ್ನು ನೋಡುತ್ತಾ ನಿಂತಿದ್ದರು.

ಮುಂದಿನ ಜನವರಿಯ ಪ್ರಯಾಣಕ್ಕೆ ಹೆಸರುಗಳನ್ನು ಡಿಸೆಂಬರಿನಲ್ಲಿ ಬರೆದುಕೊಳ್ಳುವೆವು. ಹಳೆಯ ವಿದ್ಯಾರ್ಥಿನಿಯರು ತಮ್ಮ ಹೆಣ್ಣುಮಕ್ಕಳನ್ನೂ ಕರೆತರಬೇಕೆಂದು ಬೇಡಿಕೊಳ್ಳುತ್ತೇವೆ. ಮಗಳಿಗೆ ಏನನ್ನು ತೊಡಿಸಬೇಕೆಂಬುದನ್ನು ಮೇಲೆ ಬರೆದಿದ್ದೇವೆ. ಇವೆಲ್ಲ ನೆನಪಿನಲ್ಲಿ ಉಳಿಯದಿದ್ದರೆ ಸೋಮನಹಳ್ಳಿಯ ಅಜ್ಜಿಯವರ ಮೂರು ಪದಗಳನ್ನು ನೆನಪಿಟ್ಟುಕೊಂಡರೆ ಸಾಕು: ಕೆಲಸಕ್ಕೆ ತಕ್ಕಂತೆ ಬಟ್ಟೆ.